ಕೆಲಸವೇನೆಂದು ಕೇಳಿದ ವೈದ್ಯ: ಬರ್ನಾರ್ಡಿನೋ ರಮಾಜಿನಿ

ಮಕ್ಕಳೇ, ಮೈಗೆ ಹುಷಾರಿಲ್ಲದೆ ವೈದ್ಯರ ಬಳಿ ಹೋದಾಗ ಅವರು ನಿಮ್ಮನ್ನು ಏನೇನು ಕೇಳುತ್ತಾರೆ? ಎಷ್ಟು ದಿನದಿಂದ ಹೀಗಿದೆ, ಎಲ್ಲಿ ನೋವು, ಏನು ತಿಂದಿರಿ, ರಾತ್ರಿ ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳುತ್ತಾರೆ, ಅಲ್ಲವೇ? ನಿಮ್ಮ ಅಪ್ಪನೋ ಅಮ್ಮನೋ ಸೊಂಟನೋವು ಎಂದು ಹೋದರೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ನೀವು ಏನು ಕೆಲಸ ಮಾಡುತ್ತೀರಿ ಎಂದು ವೈದ್ಯರು ವಿಚಾರಿಸುತ್ತಾರೆ.

ಎಷ್ಟು ಸುಲಭದ ಪ್ರಶ್ನೆ! ಆದರೆ ಬಹಳ ಹಿಂದೆ ರೋಗಿಯನ್ನು ತಪ್ಪದೆ ಕೇಳಬೇಕಾದ ಪ್ರಶ್ನೆಗಳ ಸಾಲಿನಲ್ಲಿ ಇದು ಇರಲೇ ಇಲ್ಲ. ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿದ್ದ ಹಿಪೊಕ್ರೇಟಿಸ್ ಎಂಬ ಹೆಸರಾಂತ ವೈದ್ಯರು ರೋಗಿಯ ಬಳಿ ಏನೇನು ವಿಚಾರಿಸಬೇಕೆಂದು ತಮ್ಮ ಶಿಷ್ಯರಿಗೆ ಕಲಿಸಿದ್ದರು. ಯುರೋಪಿನ ವೈದ್ಯರು ನೂರಾರು ವರ್ಷ ಅದನ್ನೇ ಅನುಸರಿಸಿದರು. ಆ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರಬೇಕು, ರೋಗಿ ಮಾಡುವ ಕೆಲಸ ಯಾವುದೆಂದು ಕೇಳಲೇಬೇಕು ಎಂದು ಪುಸ್ತಕ ಬರೆದು ಸಾರಿದವರು ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ. ಕುಳಿತುಕೊಳ್ಳುವ, ನಿಲ್ಲುವ, ಬಾಗುವ ರೀತಿಯಿಂದಲೂ ಕಾಯಿಲೆ ಬರಬಹುದು ಎಂಬುದನ್ನು ಅವರು 300 ವರ್ಷಗಳ ಹಿಂದೆಯೇ ಗುರುತಿಸಿದ್ದರು. ಅವರ ಕತೆಯನ್ನು ತಿಳಿಯೋಣ ಬನ್ನಿ.

ಕಾರ್ಪಿಯ ಹುಡುಗ

ಇಟಲಿಯ ಉತ್ತರ ಭಾಗದಲ್ಲಿ ಮೊಡೆನಾ ಎಂಬ ನಗರವಿದೆ. ಅದರ ಹತ್ತಿರದ ಕಾರ್ಪಿ ಎಂಬ ಪುಟ್ಟ ಪಟ್ಟಣದಲ್ಲಿ 1633ರಲ್ಲಿ ರಮಾಜಿನಿ ಹುಟ್ಟಿದರು. ಊರಿನಲ್ಲೇ ಶಾಲೆ ಮುಗಿಸಿ ಪಾರ್ಮಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ತತ್ತ್ವಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಕಲಿತು 1659ರಲ್ಲಿ ವೈದ್ಯರಾದರು. ಬಳಿಕ ರೋಮ್ ನಗರದಲ್ಲಿ ಹಿರಿಯ ವೈದ್ಯರೊಬ್ಬರ ಜೊತೆಗಿದ್ದು ಅನುಭವ ಪಡೆದರು.

ಮುಂದೆ ರೋಮ್‌ನ ಉತ್ತರಕ್ಕಿರುವ ಸಣ್ಣ ಊರುಗಳಲ್ಲಿ ವೈದ್ಯರಾಗಿ ಕೆಲಸ ಮಾಡಿದರು. ಆ ಪ್ರದೇಶದಲ್ಲಿ ಮಲೇರಿಯಾ ಹೆಚ್ಚು. ವೈದ್ಯರನ್ನೂ ಅದು ಬಿಡಲಿಲ್ಲ. ಜ್ವರದಿಂದ ಬಳಲಿ ಬೆಂಡಾದ ರಮಾಜಿನಿ ಹುಟ್ಟೂರಿಗೆ ಮರಳಬೇಕಾಯಿತು. ಚೇತರಿಸಿಕೊಂಡ ಮೇಲೆ ಕಾರ್ಪಿಯಲ್ಲೇ ರೋಗಿಗಳನ್ನು ನೋಡತೊಡಗಿದರು. 1671ರಲ್ಲಿ ಮೊಡೆನಾ ನಗರಕ್ಕೆ ಬಂದು ನೆಲೆಸಿದರು. 1682ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು.

ಅವರಿಗೆ ಎಲ್ಲದರಲ್ಲೂ ಕುತೂಹಲ. ಮೊಡೆನಾದ ಬಾವಿಗಳಲ್ಲಿ ನೀರು ಹೇಗೆ ರಭಸವಾಗಿ ಚಿಮ್ಮುತ್ತದೆ ಎಂದು ಪರಿಶೀಲಿಸಿ 1691ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಗಾಳಿಯ ಒತ್ತಡವನ್ನು ಅಳೆಯುವ ಬ್ಯಾರೋಮೀಟರ್ ಹಿಡಿದು ಹವೆಯನ್ನು ಗಮನಿಸಿದರು. ಆದರೆ ಅವರ ಹೆಸರು ಇಂದಿಗೂ ಉಳಿದಿರುವುದು ಬೇರೆ ಕಾರಣಕ್ಕೆ. ಅದು ಶುರುವಾದದ್ದು ಅವರ ಮನೆಯ ಮಲಗುಂಡಿಯಿಂದ!

ಮಲಗುಂಡಿಯಲ್ಲಿ ದುಡಿಯುತ್ತಿದ್ದ ಮನುಷ್ಯ

ಮೊಡೆನಾ ಇಕ್ಕಟ್ಟಾದ ನಗರ. ಒತ್ತೊತ್ತಾಗಿ ಎತ್ತರದ ಮನೆಗಳು. ಮನೆಗಳ ಮಲಗುಂಡಿಗಳನ್ನು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ಪದ್ಧತಿ ಅಲ್ಲಿತ್ತು. ಹಾಗೆ ಒಮ್ಮೆ ರಮಾಜಿನಿಯವರ ಮನೆಯ ಗುಂಡಿಯನ್ನೂ ಶುಚಿ ಮಾಡುತ್ತಿದ್ದರು. ಒಳಗಿದ್ದ ಕೆಲಸಗಾರ ಉಸಿರು ಬಿಗಿಹಿಡಿದವನಂತೆ ಅವಸರ ಅವಸರವಾಗಿ ದುಡಿಯುತ್ತಿದ್ದುದನ್ನು ಅವರು ನೋಡಿದರು. ಅವರಿಗೆ ಕನಿಕರವಾಯಿತು. ಇಷ್ಟೊಂದು ಅವಸರವೇಕೆ, ನಿಧಾನವಾಗಿ ಮಾಡಬಾರದೇ, ಸುಸ್ತಾಗುವುದಿಲ್ಲವೇ ಎಂದು ಕೇಳಿದರು.

ಆತ ಗುಂಡಿಯೊಳಗಿನಿಂದ ಕಣ್ಣೆತ್ತಿ ನೋಡಿದ. ಇಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರುವುದೆಂದರೆ ಏನೆಂದು ಇಳಿದವರಿಗೇ ಗೊತ್ತು, ಕಣ್ಣೇ ಹೋದಂತಾಗುತ್ತದೆ ಎಂದು ತಿಳಿಸಿದ. ಆತ ಮೇಲೆ ಬಂದ ಮೇಲೆ ರಮಾಜಿನಿ ಅವನ ಕಣ್ಣುಗಳನ್ನು ಪರೀಕ್ಷಿಸಿದರು. ಕಣ್ಣು ಕೆಂಡದಂತೆ ಕೆಂಪಾಗಿತ್ತು, ದೃಷ್ಟಿ ಮಂಜಾಗಿತ್ತು. ಇದಕ್ಕೆ ಏನು ಮದ್ದು ಮಾಡುತ್ತೀರಿ ಎಂದು ವಿಚಾರಿಸಿದರು. ಮನೆಗೆ ಹೋಗಿ ಕತ್ತಲ ಕೋಣೆಯಲ್ಲಿ ಮರುದಿನದವರೆಗೆ ಇರುವುದು, ಉಗುರುಬೆಚ್ಚಗಿನ ನೀರಿನಲ್ಲಿ ಆಗಾಗ ಕಣ್ಣು ತೊಳೆಯುವುದು, ಅಷ್ಟೇ ಮದ್ದು ಎಂದು ಆತ ಹೇಳಿದ.

ರಮಾಜಿನಿ ಅಲ್ಲಿಗೇ ಬಿಡಲಿಲ್ಲ. ನಗರದಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡರನ್ನೂ ಅರೆಗುರುಡರನ್ನೂ ಗಮನಿಸಿದರು. ಅವರಲ್ಲಿ ಹಲವರು ಹಿಂದೆ ಇದೇ ಕೆಲಸ ಮಾಡಿದ್ದವರು! ಗುಂಡಿಯಿಂದ ಏಳುವ ಕೆಟ್ಟ ಅನಿಲ ಕಣ್ಣನ್ನು ಸುಡುತ್ತದೆ ಎಂಬುದು ಇಂದು ನಮಗೆ ಗೊತ್ತು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದರೆ ಪ್ರಾಣವನ್ನೇ ತೆಗೆಯುತ್ತದೆ. ನಮ್ಮ ದೇಶದಲ್ಲಿ ಮನುಷ್ಯರಿಂದ ಮಲ ಹೊರಿಸುವುದನ್ನೂ ರಕ್ಷಣೆಯಿಲ್ಲದೆ ಅವರನ್ನು ಗುಂಡಿಗೆ ಇಳಿಸುವುದನ್ನೂ 2013ರ ಕಾನೂನು ನಿಷೇಧಿಸಿದೆ.

ಆ ಕೆಲಸಗಾರನ ಮಾತು ರಮಾಜಿನಿಯವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಒಂದು ಕೆಲಸದಿಂದ ಕಣ್ಣು ಹೋಗುತ್ತದೆ ಎಂದಾದರೆ ಉಳಿದ ಕೆಲಸಗಳಿಂದ ಏನೇನು ಆಗುತ್ತಿರಬಹುದು? ಇದನ್ನು ತಿಳಿಯಲೇಬೇಕು ಎಂದು ಅವರು ಹೊರಟರು.

ಅಂಗಡಿ, ಕುಲುಮೆ, ಮಗ್ಗ

ಆ ಕಾಲದಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೆಂದರೆ ದೊಡ್ಡ ಮನುಷ್ಯರು. ಧನಿಕರ ಮನೆಗಳಿಗೆ ಹೋಗಿ ಮದ್ದು ಕೊಡುವುದು ಅವರಿಗೆ ರೂಢಿ. ಕೈಕೆಲಸದವರ ಕೊಳಕು ಅಂಗಡಿಗಳಿಗೆ ಹೋಗುವುದು ಗೌರವಕ್ಕೆ ಕಡಿಮೆ ಎಂದುಕೊಂಡವರೂ ಇದ್ದರು. ರಮಾಜಿನಿ ಹಾಗೆ ಎಣಿಸಲಿಲ್ಲ. ಕುಂಬಾರರು, ಗಾಜು ಮಾಡುವವರು, ಅಕ್ಕಸಾಲಿಗರು, ಬೇಕರಿಯವರು, ದರ್ಜಿಗಳು, ಹಮಾಲರು, ರೈತರು, ಬೆಸ್ತರು, ಸೈನಿಕರು, ಸೂಲಗಿತ್ತಿಯರು ಹೀಗೆ ಹತ್ತಾರು ಬಗೆಯ ಕೆಲಸಗಾರರ ಬಗ್ಗೆ ತಿಳಿದುಕೊಂಡರು. ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಿದರು, ಕೇಳಿದರು, ಬರೆದುಕೊಂಡರು.

ಬಡವನ ಮನೆಗೆ ಹೋದ ವೈದ್ಯರು ಹೇಗೆ ನಡೆದುಕೊಳ್ಳಬೇಕೆಂದೂ ಅವರು ಹೇಳಿದ್ದಾರೆ. ಬಂದ ಕೂಡಲೇ ನಿಂತುಕೊಂಡೇ ನಾಡಿ ಹಿಡಿದು ಹೊರಟುಬಿಡಬಾರದು. ಮುರುಕಲು ಸ್ಟೂಲೊಂದೇ ಇದ್ದರೂ ಅದನ್ನೇ ಚಿನ್ನದ ಕುರ್ಚಿ ಎಂದುಕೊಂಡು ಕೂರಬೇಕು. ನಗುಮುಖದಿಂದ, ಸಾವಧಾನವಾಗಿ ರೋಗಿಯನ್ನು ಮಾತನಾಡಿಸಬೇಕು. ಆಗ ತಪ್ಪದೆ ಆತನ ಕೆಲಸದ ಬಗ್ಗೆ ಕೇಳಬೇಕು. ಇದು ಅವರ ಸಲಹೆ.

ಗಣಿಗಳಲ್ಲಿ ದುಡಿಯುವವರ ರೋಗಗಳ ಬಗ್ಗೆ ಅವರಿಗಿಂತ ಹಿಂದೆಯೇ ಕೆಲವರು ಬರೆದಿದ್ದರು. ಆದರೆ ಇಷ್ಟೊಂದು ಕಸುಬುಗಳನ್ನು ಒಂದೊಂದಾಗಿ ಪರಿಶೀಲಿಸಿ ಒಂದೇ ಕಡೆ ಬರೆದವರು ರಮಾಜಿನಿ. ಅವರ ಪುಸ್ತಕ 1700ರಲ್ಲಿ ಮೊಡೆನಾದಲ್ಲಿ ಅಚ್ಚಾಯಿತು. ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್‌ನಲ್ಲಿ ಅದನ್ನು ಬರೆದಿದ್ದರು. ಕೆಲಸಗಾರರ ರೋಗಗಳು ಎಂಬುದು ಅದರ ಹೆಸರಿನ ಅರ್ಥ. ಆಗ ರಮಾಜಿನಿಯವರಿಗೆ 67 ವರ್ಷ!

ಕೆಲಸದಿಂದ ಬರುವ ಕಾಯಿಲೆಗಳಿಗೆ ಅವರು ಮುಖ್ಯವಾಗಿ ಎರಡು ಕಾರಣಗಳನ್ನು ಕಂಡರು. ಒಂದು, ಕೆಲಸಗಾರರು ಮುಟ್ಟುವ ಮತ್ತು ಉಸಿರಾಡುವ ಹಾನಿಕರ ವಸ್ತುಗಳು. ಕುಂಬಾರರು ಮಡಕೆಗೆ ಹೊಳಪು ಕೊಡಲು ಬಳಸುತ್ತಿದ್ದ ಸೀಸ, ಕಲ್ಲುಕುಟಿಗರ ದೂಳು, ಧಾನ್ಯ ಕೇರುವವರ ಹೊಟ್ಟು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇನ್ನೊಂದು ಕಾರಣ ಕಣ್ಣಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದು ಮೈಯನ್ನು ಸರಿಯಲ್ಲದ ಭಂಗಿಯಲ್ಲಿ ಬಹಳ ಹೊತ್ತು ಇಟ್ಟುಕೊಳ್ಳುವುದು ಮತ್ತು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು. ವಿಷವೂ ಇಲ್ಲ, ದೂಳೂ ಇಲ್ಲ, ಗಾಯವೂ ಇಲ್ಲ. ಆದರೂ ಮೈ ಕೆಡುತ್ತದೆ!

ಕುಳಿತೇ ದುಡಿಯುವವರು

ಮೊಡೆನಾದಲ್ಲಿ ಹಬ್ಬದ ದಿನ ಬೇರೆ ಬೇರೆ ಕಸುಬಿನವರು ಸಾಲುಸಾಲಾಗಿ ಮೆರವಣಿಗೆ ಹೋಗುತ್ತಿದ್ದರು. ದರ್ಜಿಗಳ ಮತ್ತು ಪಾದರಕ್ಷೆ ಮಾಡುವವರ ಸಾಲು ಬಂದಾಗ ನೋಡುವವರಿಗೆ ನಗು. ಏಕೆಂದರೆ ಆ ಸಾಲಿನಲ್ಲಿ ಹಲವರ ಬೆನ್ನು ಗೂನಾಗಿರುತ್ತಿತ್ತು. ಒಬ್ಬರು ಎಡಕ್ಕೆ ವಾಲಿದರೆ ಇನ್ನೊಬ್ಬರು ಬಲಕ್ಕೆ ವಾಲುತ್ತಿದ್ದರು. ಕುಂಟುತ್ತ ತೂಗಾಡುತ್ತ ನಡೆಯುತ್ತಿದ್ದರು.

ಇದು ನಗುವ ವಿಷಯವೇ? ರಮಾಜಿನಿ ಅದರ ಕಾರಣ ಹುಡುಕಿದರು. ದರ್ಜಿಗಳು ಹೊಲಿಯುವಾಗ ಒಂದು ಕಾಲನ್ನು ಮಡಿಸಿ ತೊಡೆಗೆ ಒತ್ತಿ ಕೂರುತ್ತಿದ್ದರು. ದಿನವಿಡೀ ಹಾಗೆ ಕೂತರೆ ಕಾಲು ಜೋಮು ಹಿಡಿಯುತ್ತದೆ. ಸೊಂಟದಿಂದ ಕಾಲಿನ ತನಕ ಸೆಳೆತದ ನೋವು ಬರುತ್ತದೆ. ಸೂಜಿಯ ಮೊನೆ ನೋಡಲು ಸದಾ ಬಾಗಿರುವುದರಿಂದ ಬೆನ್ನು ಬಾಗಿಯೇ ಉಳಿಯುತ್ತದೆ. ಜನ ನೋಡಿ ನಗುತ್ತಿದ್ದ ಆ ನಡಿಗೆ ಅವರು ಹುಟ್ಟಿನಿಂದ ಪಡೆದದ್ದಲ್ಲ, ಕೆಲಸ ಕೊಟ್ಟದ್ದು.

ಹಾಗಾದರೆ ಪರಿಹಾರವೇನು? ಕೂತು ಮಾಡುವ ಕೆಲಸವನ್ನು ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಆದರೆ ಆ ಕೆಲಸ ಬಿಟ್ಟರೆ ಅವರ ಮನೆಯಲ್ಲಿ ಒಲೆ ಉರಿಯಬೇಡವೇ? ರಮಾಜಿನಿಯವರಿಗೆ ಇದು ಚೆನ್ನಾಗಿ ತಿಳಿದಿತ್ತು. ಆದ್ದರಿಂದ ಕೈಗೆಟಕುವ ಸಲಹೆಯನ್ನೇ ಕೊಟ್ಟರು. ರಜೆಯ ದಿನವಾದರೂ ಮೈ ಆಡಿಸಿ, ನಡೆದಾಡಿ, ಹಲವು ದಿನ ಕೂತು ಆದ ಕೆಡುಕನ್ನು ಆ ಒಂದು ದಿನ ಸ್ವಲ್ಪವಾದರೂ ಸರಿಪಡಿಸಿಕೊಳ್ಳಿ ಎಂದು ತಿಳಿಸಿದರು.

ಅಕ್ಕಸಾಲಿಗರಂಥ ಸೂಕ್ಷ್ಮ ಕೆಲಸದವರ ತೊಂದರೆ ಬೇರೆ. ಅವರ ಕಣ್ಣು ಸದಾ ಒಂದೇ ಚುಕ್ಕಿಯ ಮೇಲೆ ನೆಟ್ಟಿರುತ್ತದೆ. ಅವರು ತಲೆಯನ್ನು ಯಾವಾಗಲೂ ತಗ್ಗಿಸಿಯೇ ಇರಬಾರದು, ಆಗಾಗ ಕೆಲಸ ನಿಲ್ಲಿಸಿ ಕಣ್ಣನ್ನು ಬೇರೆ ಕಡೆ ಹೊರಳಿಸಬೇಕು ಎಂದು ರಮಾಜಿನಿ ಸೂಚಿಸಿದರು.

ನಿಂತೇ ದುಡಿಯುವವರು

ಕೂತರೆ ಕಷ್ಟ ಎಂದಾದರೆ ನಿಂತರೆ ಸುಖವೇ? ಅದೂ ಇಲ್ಲ! ಬಡಗಿಗಳು, ಕಮ್ಮಾರರು ಮುಂತಾಗಿ ದಿನವಿಡೀ ನಿಂತೇ ದುಡಿಯುವವರ ಕಾಲುಗಳನ್ನು ರಮಾಜಿನಿ ನೋಡಿದರು. ಚರ್ಮದ ಅಡಿಯಲ್ಲಿ ರಕ್ತನಾಳಗಳು ಉಬ್ಬಿ ಸುರುಳಿ ಸುತ್ತಿಕೊಂಡಿದ್ದವು. ಕೆಲವರಿಗೆ ಬೇಗ ಮಾಯದ ಹುಣ್ಣುಗಳೂ ಆಗಿದ್ದವು.

ಇಲ್ಲಿ ಅವರು ಒಂದು ಸೊಗಸಾದ ಪ್ರಶ್ನೆ ಎತ್ತಿದರು. ನಾವು ಒಂದು ಗಂಟೆ ನಡೆಯಬಲ್ಲೆವು. ಆದರೆ ಒಂದೇ ಕಡೆ ಅಲುಗಾಡದೆ ನಿಂತರೆ ಸ್ವಲ್ಪ ಹೊತ್ತಿಗೇ ದಣಿವಾಗುತ್ತದೆ. ನಡೆಯುವುದು ಹೆಚ್ಚು ಕೆಲಸವಲ್ಲವೇ? ನಿಂತರೆ ಏಕೆ ಹೆಚ್ಚು ದಣಿವು? ಉತ್ತರವನ್ನು ಅವರು ಹೀಗೆ ವಿವರಿಸಿದರು. ನಡೆಯುವಾಗ ಸ್ನಾಯುಗಳು ಸರದಿಯಂತೆ ದುಡಿಯುತ್ತವೆ. ಒಂದು ಬಿಗಿದಾಗ ಇನ್ನೊಂದಕ್ಕೆ ಬಿಡುವು. ಸುಮ್ಮನೆ ನಿಂತಾಗ ಮಾತ್ರ ಸ್ನಾಯುಗಳು ಬಿಗಿದುಕೊಂಡೇ ಇರಬೇಕು. ಅವುಗಳಿಗೆ ಬಿಡುವೇ ಇಲ್ಲ. ಆದ್ದರಿಂದ ನಿಂತು ಕೆಲಸ ಮಾಡುವವರು ಸಾಧ್ಯವಾದಾಗಲೆಲ್ಲ ಕೂರಬೇಕು, ಅಥವಾ ಸ್ವಲ್ಪ ನಡೆದಾಡಬೇಕು.

ಗಮನಿಸಿದಿರಾ? ಕೂತವರಿಗೆ ಏಳಲು ಹೇಳಿದರು, ನಿಂತವರಿಗೆ ಕೂರಲು ಹೇಳಿದರು. ತಪ್ಪು ಕೂರುವುದರಲ್ಲೂ ಇಲ್ಲ, ನಿಲ್ಲುವುದರಲ್ಲೂ ಇಲ್ಲ. ಬದಲಾಯಿಸದೆ ಇರುವುದರಲ್ಲಿದೆ. ರಮಾಜಿನಿಯವರಿಂದ ನಾವು ಕಲಿಯಬೇಕಾದ ದೊಡ್ಡ ಪಾಠವೇ ಇದು.

ಬರೆದು ಬರೆದು ಸೋತ ಕೈ

ಪುಸ್ತಕ ಹೊರಬಂದ ವರ್ಷವೇ, ಅಂದರೆ 1700ರಲ್ಲಿ, ರಮಾಜಿನಿಯವರನ್ನು ಪಾಡುವಾ ವಿಶ್ವವಿದ್ಯಾಲಯ ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು. ಗೆಲಿಲಿಯೋ ಪಾಠ ಹೇಳಿದ ವಿಶ್ವವಿದ್ಯಾಲಯ ಅದು. ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆ ಓದಿದ್ದೂ ಅಲ್ಲಿಯೇ. ಅಲ್ಲಿ ಇಳಿವಯಸ್ಸಿನಲ್ಲೂ ರಮಾಜಿನಿ ಸುಮ್ಮನೆ ಕೂರಲಿಲ್ಲ. 1713ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಪುಸ್ತಕಕ್ಕೆ ಇನ್ನೂ 12 ಅಧ್ಯಾಯಗಳನ್ನು ಸೇರಿಸಿ ಮತ್ತೆ ಅಚ್ಚು ಹಾಕಿಸಿದರು. ನೇಕಾರರು, ಅಚ್ಚುಕೂಟದವರು, ಕಂಚುಗಾರರು, ಬಾವಿ ತೋಡುವವರು ಮುಂತಾದವರ ವಿಷಯ ಅದರಲ್ಲಿ ಬಂತು.

ನೇಯುವಾಗ ಕೈ, ತೋಳು, ಕಾಲು, ಬೆನ್ನು ಎಲ್ಲವೂ ಒಟ್ಟಿಗೆ ದುಡಿಯಬೇಕು, ಸುಮ್ಮನಿರುವ ಅಂಗವೇ ಇಲ್ಲ ಎಂದು ನೇಕಾರರ ಬಗ್ಗೆ ಬರೆದರು. ಬಡಿದು ಬಡಿದು ಪಾತ್ರೆ ಮಾಡುವ ಕಂಚುಗಾರರಿಗೆ ಕಿವಿ ಮಂದವಾಗುವುದನ್ನು ದಾಖಲಿಸಿದರು.

ಹೊಸ ಅಧ್ಯಾಯಗಳಲ್ಲಿ ಒಂದು ಗುಮಾಸ್ತರ ಬಗ್ಗೆ. ಆಗ ಟೈಪ್‌ರೈಟರ್ ಇಲ್ಲ, ಕಂಪ್ಯೂಟರ್ ಇಲ್ಲ. ಲೆಕ್ಕ, ಪತ್ರ, ಕರಾರು ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಅವರಿಗೆ ಬರುವ ತೊಂದರೆಗೆ ರಮಾಜಿನಿ ಮೂರು ಕಾರಣ ಕೊಟ್ಟರು. ಸದಾ ಕೂತಿರುವುದು ಒಂದು. ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು ಎರಡು. ಲೆಕ್ಕ ತಪ್ಪಬಾರದು, ಅಕ್ಷರ ತಪ್ಪಬಾರದು ಎಂಬ ಮನಸ್ಸಿನ ಒತ್ತಡ ಮೂರು.

ಅವರಿಗೆ ಗೊತ್ತಿದ್ದ ಪತ್ರ ಬರಹಗಾರರೊಬ್ಬರ ಕತೆ ಕೇಳಿ. ಆತ ಜೀವಮಾನವೆಲ್ಲ ಬರೆದು ಬರೆದು ಸಾಕಷ್ಟು ಹಣ ಗಳಿಸಿದ್ದ. ಮೊದಲು ತೋಳಿನಲ್ಲಿ ದಣಿವು ಕಾಣಿಸಿತು. ಯಾವ ಮದ್ದಿಗೂ ಅದು ಬಗ್ಗಲಿಲ್ಲ. ಕೊನೆಗೆ ಬಲಗೈ ಪೂರ್ತಿ ಸೋತುಹೋಯಿತು. ಆತ ಛಲ ಬಿಡದೆ ಎಡಗೈಯಲ್ಲಿ ಬರೆಯುವುದನ್ನು ಕಲಿತ. ಸ್ವಲ್ಪ ಕಾಲದ ಮೇಲೆ ಎಡಗೈಗೂ ಅದೇ ಗತಿಯಾಯಿತು!

ಹಗುರವಾದ ಲೇಖನಿ ಇಷ್ಟೊಂದು ಹಾನಿ ಮಾಡೀತೇ ಎಂದು ನಿಮಗೆ ಆಶ್ಚರ್ಯವಾಗಬಹುದು. ತೂಕ ಹೆಚ್ಚಿದ್ದರೆ ಮಾತ್ರ ಮೈಗೆ ಪೆಟ್ಟು ಎಂದು ನಾವು ತಿಳಿಯುತ್ತೇವೆ. ಹಗುರ ಕೆಲಸವೂ ಬಿಡುವಿಲ್ಲದಿದ್ದರೆ ಭಾರವೇ. ಇಂದು ಕಂಪ್ಯೂಟರ್ ಮುಂದೆ ದಿನವಿಡೀ ಕೀಲಿ ಒತ್ತುವವರಿಗೆ ಬರುವ ಕೈನೋವು ಈ ಗುಮಾಸ್ತರ ಕೈನೋವಿನ ಹತ್ತಿರದ ನೆಂಟ.

ಇಳಿವಯಸ್ಸಿನಲ್ಲಿ ರಮಾಜಿನಿಯವರ ಆರೋಗ್ಯವೂ ಕೆಟ್ಟಿತು, ಕಣ್ಣು ಮಂಜಾಯಿತು. ಆದರೂ ಪಾಠ ಹೇಳುವುದನ್ನು ಬಿಡಲಿಲ್ಲ. 1714ರ ನವೆಂಬರ್ 5ರಂದು ಪಾಡುವಾದಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕ 1705ರಲ್ಲೇ ಇಂಗ್ಲಿಷಿಗೆ ಅನುವಾದವಾಗಿತ್ತು. 1777ರಲ್ಲಿ ಫ್ರೆಂಚ್ ಭಾಷೆಗೂ ಬಂತು. ಇಂದು ಅವರನ್ನು ವೃತ್ತಿ ಆರೋಗ್ಯ ವಿಜ್ಞಾನದ ಪಿತಾಮಹ ಎಂದು ಕರೆಯುತ್ತಾರೆ.

ಈಗ ನಮಗೆ ತಿಳಿದಿರುವುದು

ರಮಾಜಿನಿ ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ದೇಹದ ರಸಗಳು ಕೆಡುವುದರಿಂದ ರೋಗ ಬರುತ್ತದೆ ಎಂಬ ಆ ಕಾಲದ ನಂಬಿಕೆ ಅವರಿಗೂ ಇತ್ತು. ಅವರು ಸೂಚಿಸಿದ ಹಲವು ಮದ್ದುಗಳನ್ನು ಇಂದು ಯಾರೂ ಬಳಸುವುದಿಲ್ಲ. ಆದರೆ ಕಣ್ಣಾರೆ ಕಂಡು ಬರೆದ ಸಂಗತಿಗಳು ಗಟ್ಟಿಯಾಗಿ ನಿಂತಿವೆ. ಅವುಗಳ ಕಾರಣ ಈಗ ನಮಗೆ ಇನ್ನೂ ಚೆನ್ನಾಗಿ ಗೊತ್ತಿದೆ.

ಕಾಲಿನ ರಕ್ತ ಹೃದಯಕ್ಕೆ ಮರಳಬೇಕಾದರೆ ಮೇಲಕ್ಕೆ ಏರಬೇಕು. ಅಭಿಧಮನಿಗಳ ಒಳಗೆ ಪುಟ್ಟ ಕವಾಟಗಳಿವೆ. ಅವು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಸಡಿಲವಾಗುತ್ತ ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲುಗಾಡದೆ ನಿಂತರೆ ಈ ಪಂಪು ನಿಲ್ಲುತ್ತದೆ. ರಕ್ತ ಕಾಲಿನಲ್ಲೇ ತಂಗುತ್ತದೆ, ನಾಳಗಳು ಉಬ್ಬುತ್ತವೆ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಅವು ಸ್ಪಂಜಿನ ಹಾಗೆ. ನಾವು ಚಲಿಸುತ್ತಿದ್ದರೆ ಅವುಗಳಿಗೆ ಪೋಷಕ ದ್ರವ ಚೆನ್ನಾಗಿ ಒದಗುತ್ತದೆ. ಬಾಗಿ ಕೂತೇ ಇದ್ದರೆ ಬಿಲ್ಲೆಗಳ ಮುಂಭಾಗ ಒತ್ತಡಕ್ಕೆ ಸಿಕ್ಕಿಕೊಳ್ಳುತ್ತದೆ. ಇನ್ನು ನಮ್ಮ ತಲೆ! ದೊಡ್ಡವರ ತಲೆ ಸುಮಾರು 4ರಿಂದ 5 ಕಿಲೋಗ್ರಾಂ ತೂಗುತ್ತದೆ. ಅದು ಬೆನ್ನುಮೂಳೆಯ ನೇರ ಮೇಲಿದ್ದರೆ ಹೊರುವುದು ಸುಲಭ. ಮುಂದಕ್ಕೆ ಬಾಗಿದರೆ ಬೀಳದಂತೆ ಹಿಡಿಯಲು ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಬಿಗಿದೇ ಇರಬೇಕು.

ಮಾಡಿ ನೋಡಿ

1. ನೀರು ತುಂಬಿದ ಅರ್ಧ ಲೀಟರಿನ ಸೀಸೆ ತೆಗೆದುಕೊಳ್ಳಿ. ಮೊಣಕೈ ಮಡಿಸಿ ಅದನ್ನು ಎದೆಯ ಹತ್ತಿರ ಹಿಡಿದುಕೊಂಡು ನೂರರವರೆಗೆ ಎಣಿಸಿ. ಆಮೇಲೆ ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಅದೇ ಸೀಸೆ ಹಿಡಿದು ಎಣಿಸಿ. ನೋವಾದ ಕೂಡಲೇ ನಿಲ್ಲಿಸಿ. ಎಲ್ಲಿಯವರೆಗೆ ಎಣಿಸಿದಿರಿ? ಸೀಸೆಯ ತೂಕ ಬದಲಾಗಲಿಲ್ಲ. ಮೈಯಿಂದ ಅದರ ದೂರ ಬದಲಾಯಿತು. ನೀರಿನ ಕೊಡವನ್ನಾಗಲಿ ಚೀಲವನ್ನಾಗಲಿ ಮೈಗೆ ಹತ್ತಿರ ಹಿಡಿಯಬೇಕು ಎನ್ನುವುದು ಇದಕ್ಕೇ.

2. ಒಂದು ಕೈಯನ್ನು ಬಿಗಿಯಾಗಿ ಮುಷ್ಟಿ ಕಟ್ಟಿ ಅರ್ಧ ನಿಮಿಷ ಹಿಡಿದು ಬಿಡಿ. ಬಿಚ್ಚಿದ ಕೂಡಲೇ ಅಂಗೈ ನೋಡಿ. ಅಂಗೈ ಬಿಳಿಚಿಕೊಂಡಿದ್ದು ನಿಧಾನವಾಗಿ ಮತ್ತೆ ಕೆಂಪಾಗುತ್ತದೆ. ಒತ್ತಡಕ್ಕೆ ಸಿಕ್ಕ ಜಾಗದಲ್ಲಿ ರಕ್ತ ಕಡಿಮೆಯಾಗಿತ್ತು. ಬಿಗಿದೇ ಇರುವ ಸ್ನಾಯುವಿನೊಳಗೂ ಹೀಗೆಯೇ ರಕ್ತದ ಹರಿವು ತಗ್ಗುತ್ತದೆ. ಅದಕ್ಕೇ ದಣಿವು, ನೋವು.

ನಿಮ್ಮ ಕೆಲಸ, ನಿಮ್ಮ ಬೆನ್ನು

ನಾವು ಕೆಲಸಗಾರರಲ್ಲ, ನಮಗೇಕೆ ಇದೆಲ್ಲ ಎನ್ನುತ್ತೀರಾ? ಓದುವುದು, ಬರೆಯುವುದು ನಿಮ್ಮ ಕೆಲಸ. ತರಗತಿಯೇ ನಿಮ್ಮ ಕೆಲಸದ ಜಾಗ. ಪುಸ್ತಕದ ಮೇಲೆ ಬಗ್ಗಿ ಬದುಕುವ ವಿದ್ವಾಂಸರ ಬಗ್ಗೆಯೂ ರಮಾಜಿನಿ ಬರೆದಿದ್ದರು!

ನೆಲದ ಮೇಲೆ ಕೂತು ಬರೆಯುವವರು ಪುಸ್ತಕವನ್ನು ನೆಲದ ಮೇಲಿಟ್ಟು ಬಗ್ಗಬೇಡಿ. ತೊಡೆಯ ಮೇಲೆ ಬರೆಯುವ ಹಲಗೆ ಇಟ್ಟುಕೊಳ್ಳಿ, ಅಥವಾ ಚಿಕ್ಕ ಮೇಜು ಇದ್ದರೆ ಬಳಸಿ. ಬೆಂಚಿನ ಮೇಲೆ ಕೂರುವವರ ಪಾದ ನೆಲಕ್ಕೆ ತಾಗಿರಲಿ. ತಾಗದಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆಯಾದರೂ ಕೂರುವ ಭಂಗಿ ಬದಲಾಯಿಸಿ. ಒಂದು ಪಾಠ ಮುಗಿದಾಗ ಎದ್ದು ನಿಂತು ಕೈಕಾಲು ಚಾಚಿ. ಕಿಟಕಿಯಾಚೆಗಿನ ಮರವನ್ನೋ ಗುಡ್ಡವನ್ನೋ ನೋಡಿ ಕಣ್ಣಿಗೆ ಬಿಡುವು ಕೊಡಿ. ಮನೆಯಲ್ಲಿ ಮೊಬೈಲ್ ನೋಡುವಾಗ ತಲೆಯನ್ನು ಅದರ ಕಡೆ ಬಗ್ಗಿಸಬೇಡಿ, ಅದನ್ನೇ ಮೇಲಕ್ಕೆ ಎತ್ತಿ ಹಿಡಿಯಿರಿ.

ಶಾಲಾ ಚೀಲದ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು ಎಂದು ಭಾರತ ಸರ್ಕಾರದ 2020ರ ಶಾಲಾ ಚೀಲ ನೀತಿ ತಿಳಿಸುತ್ತದೆ. ನಿಮ್ಮ ತೂಕ 30 ಕಿಲೋಗ್ರಾಂ ಇದ್ದರೆ ಚೀಲ 3 ಕಿಲೋಗ್ರಾಂ ಒಳಗಿರಬೇಕು. ಚೀಲವನ್ನು ಎರಡೂ ಹೆಗಲಿಗೆ ಹಾಕಿಕೊಳ್ಳಿ. ನೆಲದಿಂದ ಕೊಡ ಎತ್ತುವಾಗ ಸೊಂಟ ಬಗ್ಗಿಸುವ ಬದಲು ಮೊಣಕಾಲು ಮಡಿಸಿ, ಕೊಡವನ್ನು ಮೈಗೆ ಹತ್ತಿರ ತಂದು ಏಳಿ.

ಕೇಳುವ ಸರದಿ ನಿಮ್ಮದು

ಮೈಯನ್ನು ಕೆಲಸಕ್ಕೆ ತಕ್ಕಂತೆ ಬಗ್ಗಿಸುವ ಬದಲು ಕೆಲಸವನ್ನೂ ಸಲಕರಣೆಯನ್ನೂ ಮೈಗೆ ಹೊಂದಿಸುವುದು ಹೇಗೆಂದು ತಿಳಿಸುವ ವಿಜ್ಞಾನಕ್ಕೆ ಎರ್ಗನಾಮಿಕ್ಸ್ ಎಂದು ಹೆಸರು. ಪೋಲೆಂಡಿನ ಒಬ್ಬ ವಿಜ್ಞಾನಿ 1857ರಲ್ಲಿ ಗ್ರೀಕ್ ಪದಗಳಿಂದ ಈ ಹೆಸರನ್ನು ಕಟ್ಟಿದರು. ನಮ್ಮ ದೇಶದಲ್ಲೂ ಕೆಲಸಗಾರರ ಆರೋಗ್ಯದ ಸಂಶೋಧನೆಗೆ ಅಹಮದಾಬಾದಿನಲ್ಲಿ ರಾಷ್ಟ್ರೀಯ ಸಂಸ್ಥೆಯೊಂದಿದೆ. ಅದರ ದಕ್ಷಿಣ ಭಾರತದ ಕೇಂದ್ರ ಬೆಂಗಳೂರಿನಲ್ಲಿದೆ.

ರಮಾಜಿನಿಯವರ ಹಾದಿಯಲ್ಲಿ ನಡೆಯಲು ನಿಮಗೆ ಯಾವ ಉಪಕರಣವೂ ಬೇಡ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ನಿಮ್ಮ ಮನೆಯವರನ್ನೂ ನೆರೆಯವರನ್ನೂ ಮಾತನಾಡಿಸಿ. ಬೀಡಿ ಕಟ್ಟುವವರು, ನೇಯುವವರು, ನಾಟಿ ಮಾಡುವವರು, ಹೊಲಿಗೆ ಯಂತ್ರ ತುಳಿಯುವವರು, ಬಸ್ಸು ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು ಯಾರಾದರೂ ಸರಿ. ಏನು ಕೆಲಸ, ದಿನಕ್ಕೆ ಎಷ್ಟು ಗಂಟೆ, ಕೂತೋ ನಿಂತೋ ಬಗ್ಗಿಯೋ, ನಡುವೆ ಬಿಡುವು ಸಿಗುತ್ತದೆಯೇ, ಸಂಜೆ ಯಾವ ಭಾಗ ನೋಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಹತ್ತು ಜನರನ್ನು ಕೇಳಿದ ಮೇಲೆ ಒಂದೇ ಕೆಲಸದವರಿಗೆ ಒಂದೇ ಜಾಗದಲ್ಲಿ ನೋವಿದೆಯೇ ನೋಡಿ.

ಬಿಡುವು ತೆಗೆದುಕೊಂಡರೆ ಕೂಲಿ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳಬಹುದು. ಅದೂ ನಿಜ, ಅದನ್ನೂ ಬರೆದುಕೊಳ್ಳಿ. ಸಣ್ಣ ಬದಲಾವಣೆ ಸಾಧ್ಯವೇ ಎಂದು ಅವರ ಜೊತೆಗೇ ಯೋಚಿಸಿ. ಪೊರಕೆಗೆ ಉದ್ದ ಹಿಡಿ ಕಟ್ಟಬಹುದೇ? ಕೆಲಸದ ಹಲಗೆಯನ್ನು ಸ್ವಲ್ಪ ಎತ್ತರಿಸಬಹುದೇ? ಬೆನ್ನಿಗೆ ಒರಗು ಇಡಬಹುದೇ? ಕೈಕಾಲು ಜೋಮು ಹಿಡಿಯುವುದು, ನೋವು ಹಲವು ದಿನ ಬಿಡದಿರುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳಿ. ಅಲ್ಲಿ ವೈದ್ಯರು ಕೇಳದಿದ್ದರೂ ತಾವು ಮಾಡುವ ಕೆಲಸವೇನೆಂದು ತಪ್ಪದೆ ತಿಳಿಸಲು ನೆನಪಿಸಿ.

ನೀವು ಬರೆದದ್ದನ್ನು ತರಗತಿಯಲ್ಲಿ ಗೆಳೆಯರಿಗೆ ಓದಿ ಹೇಳಿ. ಹಾಂ, ಎದ್ದು ನಿಂತು ಓದಿ. ಆ ನೆಪದಲ್ಲಾದರೂ ನಿಮ್ಮ ಬೆನ್ನಿಗೆ ಸ್ವಲ್ಪ ಬಿಡುವು ಸಿಗಲಿ!